ಮಾತು ತಡವಾದ ಮಗುವಿಗೆ ಚಿತ್ರದ ಹಲಗೆ
(ಪೋಷಕರಿಗೂ ದಾನಿಗಳಿಗೂ ಒಂದು ಅಧ್ಯಯನ ಲೇಖನ)

 

ಈ ವರದಿಯ ಉಳಿದ ಪುಟಗಳಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಡಿಪ್ಲೊಮಾ, ಪದವಿ ಓದುವ ಮಕ್ಕಳ ವಿಷಯವಿದೆ. ವಿದ್ಯಾರ್ಥಿವೇತನ ಎಂಬುದು ಶಾಲೆಯ ಹೊಸ್ತಿಲು ದಾಟಿದ ಮಕ್ಕಳಿಗೆ ಸಿಗುವ ನೆರವು. ಆ ಹೊಸ್ತಿಲಿನ ಈಚೆಗೇ ನಿಂತುಬಿಡುವ ಮಕ್ಕಳೂ ಇದ್ದಾರೆ. ಮೂರು, ನಾಲ್ಕು, ಐದು ವರ್ಷವಾದರೂ ಮಾತು ಬಾರದ ಮಕ್ಕಳು, ಬಂದರೂ ಮನೆಯವರಿಗಷ್ಟೇ ತಿಳಿಯುವ ಮಾತಿನ ಮಕ್ಕಳು. ಅವರ ಹೆಸರು ನಮ್ಮ ಅರ್ಜಿಗಳಲ್ಲಿ ಬರುವುದಿಲ್ಲ. ಅರ್ಜಿಗೆ ಲಗತ್ತಿಸಲು ಅಂಕಪಟ್ಟಿ ಅವರ ಬಳಿ ಇನ್ನೂ ಇಲ್ಲ.

ಇಂಥ ಮಗುವಿನ ಬಗ್ಗೆ ಮನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಬರುತ್ತೆ ಬಿಡಿ, ಇವರಪ್ಪನೂ ತಡವಾಗಿಯೇ ಮಾತಾಡಿದ್ದು." ಕೆಲವು ಮಕ್ಕಳ ಮಟ್ಟಿಗೆ ಅದು ನಿಜವೂ ಆಗುತ್ತದೆ. ಆದರೆ ಯಾವ ಮಗುವಿಗೆ ತಾನಾಗಿ ಬರುತ್ತದೆ, ಯಾವ ಮಗುವಿಗೆ ಬರುವುದಿಲ್ಲ ಎಂದು ಮನೆಯಲ್ಲಿ ಕುಳಿತು ಹೇಳಲಾಗದು. ಹೀಗೆ ಕಾಯುತ್ತಾ ಕಳೆದುಹೋಗುವುದು ಭಾಷೆ ಅತ್ಯಂತ ವೇಗವಾಗಿ ಬೆಳೆಯುವ ವರ್ಷಗಳು. ಈ ಲೇಖನ ಹೇಳಹೊರಟಿರುವುದು ಇಷ್ಟು: ಮಾತು ಬರಲಿ ಎಂದು ಕಾಯುವ ಅಗತ್ಯವಿಲ್ಲ. ಮಗು ತನಗನ್ನಿಸಿದ್ದನ್ನು ಹೇಳಿಕೊಳ್ಳಲು ಇವತ್ತೇ ಇನ್ನೊಂದು ದಾರಿ ಕೊಡಬಹುದು. ಆ ದಾರಿ ಮಾತಿಗೆ ಅಡ್ಡ ಬರುವುದಿಲ್ಲ.

ಮಾತು ಬೇರೆ, ಭಾಷೆ ಬೇರೆ

ಮಾತು ಎಂದರೆ ಬಾಯಿಂದ ಹೊರಡುವ ಧ್ವನಿ. ತುಟಿ, ನಾಲಿಗೆ, ಅಂಗಳ, ಗಂಟಲು, ಉಸಿರು ಎಲ್ಲವೂ ಹೊಂದಿಕೊಂಡು ಮಾಡುವ ಕೆಲಸ ಅದು. ಭಾಷೆ ಎಂದರೆ ತಲೆಯೊಳಗಿನ ಸಂಗತಿ. ಚೊಂಬು ಎಂದರೆ ಯಾವುದು, 'ಒಳಗೆ' ಮತ್ತು 'ಹೊರಗೆ' ಎಂದರೇನು, 'ಕೊಡು' ಎನ್ನುವುದಕ್ಕೂ 'ಕೊಟ್ಟೆ' ಎನ್ನುವುದಕ್ಕೂ ಏನು ವ್ಯತ್ಯಾಸ ಎಂಬ ತಿಳಿವಳಿಕೆ. ಬಾಯಿಯ ಕೆಲಸ ತಡವಾದರೆ ತಲೆಯೊಳಗಿನ ಕೆಲಸವೂ ನಿಲ್ಲಬೇಕೆಂದಿಲ್ಲ. ಆದರೆ ಏನೂ ಹೇಳಲಾಗದ ಮಗುವಿನ ಜೊತೆ ನಾವೂ ನಿಧಾನವಾಗಿ ಮಾತು ಕಡಿಮೆ ಮಾಡುತ್ತೇವೆ. ಅದು ಕೇಳುವ ಮೊದಲೇ ಅನ್ನ, ನೀರು ಮುಂದಿಡುತ್ತೇವೆ. ಹೀಗೆ ಬಾಯಿಯ ತೊಂದರೆ ಮೆಲ್ಲಗೆ ಭಾಷೆಯ ತೊಂದರೆಯೂ ಆಗುತ್ತದೆ.

ಕಾರಣಗಳು ಹಲವು. ಕಿವಿ ಕೇಳಿಸದಿರುವುದು, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಆಟಿಸಂ, ಸೀಳು ಅಂಗಳ, ಬೌದ್ಧಿಕ ಬೆಳವಣಿಗೆಯ ಕೊರತೆ ಇವು ಮುಖ್ಯವಾದವು. ಬೇರೆಲ್ಲ ಸರಿಯಿದ್ದೂ ಭಾಷೆಯೊಂದೇ ಹಿಂದೆ ಬೀಳುವುದೂ ಉಂಟು. ತಾಯಿ ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದ್ದು, ಯಾರದೋ ದೃಷ್ಟಿ ತಾಗಿದ್ದು ಇದಕ್ಕೆ ಕಾರಣವಲ್ಲ. ಇದರಲ್ಲಿ ತಾಯಿಯ ತಪ್ಪೂ ಇಲ್ಲ. ದುಆ ಮಾಡುವುದು, ಮಾಡಿಸುವುದು ನಮ್ಮ ನಂಬಿಕೆ, ಅದು ನಡೆಯಲಿ. ಅದರ ಜೊತೆಗೆ ಪರೀಕ್ಷೆಯೂ ನಡೆಯಲಿ.

ಯಾವಾಗ ಎಚ್ಚರ ವಹಿಸಬೇಕು? ಸ್ಥೂಲವಾಗಿ ಹೀಗೆ ನೆನಪಿಡಬಹುದು. ಒಂದು ವರ್ಷದ ಹೊತ್ತಿಗೆ ಮಗು ಹೆಸರು ಕರೆದರೆ ತಿರುಗುತ್ತದೆ, ಬೆರಳು ತೋರಿಸುತ್ತದೆ, ಒಂದೆರಡು ಪದ ಶುರುವಾಗುತ್ತದೆ. ಎರಡು ವರ್ಷಕ್ಕೆ ಎರಡು ಪದ ಕೂಡಿಸುತ್ತದೆ: 'ಅಬ್ಬಾ ಬಂದ', 'ನೀರು ಬೇಕು'. ಮೂರು ವರ್ಷಕ್ಕೆ ಪುಟ್ಟ ವಾಕ್ಯ. ನಾಲ್ಕು ವರ್ಷಕ್ಕೆ ಹೊರಗಿನವರಿಗೂ ಬಹುತೇಕ ಅರ್ಥವಾಗುವ ಮಾತು. ಇದರಲ್ಲಿ ಯಾವುದಾದರೂ ಹಂತ ತಪ್ಪಿದ್ದರೆ, ಇಲ್ಲವೇ ಬಂದ ಮಾತು ನಿಂತುಹೋಗಿದ್ದರೆ, ಕಾಯದೆ ತೋರಿಸಬೇಕು.

ಮೊದಲು ಕಿವಿ, ಆಮೇಲೆ ಉಳಿದದ್ದು

ಮಾತು ತಡವಾದ ಪ್ರತಿ ಮಗುವಿಗೂ ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ಬಾಗಿಲು ಬಡಿದರೆ ತಿರುಗಿ ನೋಡುತ್ತದೆ, ಆದ್ದರಿಂದ ಕಿವಿ ಸರಿಯಿದೆ ಎಂದು ತೀರ್ಮಾನಿಸಬಾರದು. ದಪ್ಪ ಸದ್ದು ಕೇಳಿಸಿ ಮಾತಿನ ಸಣ್ಣ ಸದ್ದು ಕೇಳಿಸದಿರಬಹುದು. ಮಗು ಉತ್ತರ ಹೇಳಬೇಕಿಲ್ಲದ ಪರೀಕ್ಷೆಗಳಿವೆ. ಓ.ಎ.ಇ., ಬೆರಾ ಎಂದು ಅವುಗಳನ್ನು ಕರೆಯುತ್ತಾರೆ. ಹುಟ್ಟಿದ ಕೂಸಿಗೂ ಮಾಡಬಹುದು. ಕಿವಿಯ ತೊಂದರೆ ಕಂಡರೆ ಶ್ರವಣ ಸಾಧನ, ಅಗತ್ಯವಿದ್ದರೆ ಕಾಕ್ಲಿಯರ್ ಇಂಪ್ಲಾಂಟ್, ಸನ್ನೆ ಭಾಷೆ, ಇವುಗಳ ಬಗ್ಗೆ ತಜ್ಞರು ಹೇಳುತ್ತಾರೆ. ಮುಂದೆ ವಿವರಿಸುವ ಚಿತ್ರದ ಹಲಗೆ ಅವುಗಳ ಬದಲಿಗೆ ಅಲ್ಲ.

ನಮ್ಮ ಭಾಗದವರು ಎಲ್ಲಿಗೆ ಹೋಗಬೇಕು? ಮೊದಲ ಬಾಗಿಲು ಅಂಗನವಾಡಿಯೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ಸಂಚಾರಿ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡಬೇಕೆಂಬುದು ನಿಯಮ. ಶ್ರವಣ ದೋಷ, ಭಾಷಾ ಬೆಳವಣಿಗೆಯ ವಿಳಂಬ ಎರಡೂ ಅದರ ಪಟ್ಟಿಯಲ್ಲಿವೆ. ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಂಡು, ಆ ದಿನ ಮಗುವನ್ನು ತಪ್ಪದೆ ಕರೆದೊಯ್ಯಿರಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಹೊಳಲ್ಕೆರೆ, ಬಿ.ದುರ್ಗ ಕಡೆಯವರಿಗೆ ದಾವಣಗೆರೆ ಹತ್ತಿರ. ಅಲ್ಲಿ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ (ಸಿ.ಆರ್.ಸಿ.) ಇದೆ. ಇನ್ನೂ ಆಳವಾದ ತಪಾಸಣೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದ ಈ ಸಂಸ್ಥೆ 1965ರಲ್ಲಿ ಸ್ಥಾಪನೆಯಾದದ್ದು. ಇಲ್ಲಿ ಕನ್ನಡದಲ್ಲೇ ಪರೀಕ್ಷೆ, ತರಬೇತಿ ನಡೆಯುತ್ತದೆ. ಮಕ್ಕಳ ಶಾಲಾಪೂರ್ವ ತರಗತಿಗಳೂ ಇವೆ, ಅವುಗಳಲ್ಲಿ ತಾಯಂದಿರನ್ನೂ ಕಲಿಕೆಯಲ್ಲಿ ತೊಡಗಿಸುತ್ತಾರೆ. ನಮ್ಮ ಚಿಕ್ಕಜಾಜೂರು ಜಂಕ್ಷನ್‌ನಿಂದ ಅರಸೀಕೆರೆ ಮಾರ್ಗವಾಗಿ ಮೈಸೂರಿಗೆ ರೈಲು ಸಿಗುತ್ತದೆ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರು 2000ದಲ್ಲಿ ಆರಂಭಿಸಿದ 'ಕಮ್ಯುನಿಕೇಷನ್ ಡೀಲ್' ಎಂಬ ಕಾರ್ಯಕ್ರಮ ಆರು ವರ್ಷದೊಳಗಿನ ಮಕ್ಕಳನ್ನೇ ಗುರಿಯಾಗಿಟ್ಟುಕೊಂಡದ್ದು. ಮಗು ಸಾಮಾನ್ಯ ಶಾಲೆಗೆ ಸೇರುವಂತಾಗಬೇಕು ಎಂಬುದು ಅದರ ಉದ್ದೇಶ. ಶಾಲಾಪೂರ್ವ ವರ್ಷಗಳ ಬೆಲೆ ಏನೆಂಬುದನ್ನು ನಮ್ಮ ರಾಜ್ಯದ ತಜ್ಞರೇ ಹೀಗೆ ತೋರಿಸಿಕೊಟ್ಟಿದ್ದಾರೆ.

ಸಂವಹನ ಸಾಧನ ಎಂದರೇನು?

ಹೆಸರು ದೊಡ್ಡದು, ವಸ್ತು ಸರಳ. ಬಾಯಿಮಾತಿಗೆ ಜೊತೆಯಾಗಿ ಅಥವಾ ಬದಲಾಗಿ ಮಗು ತನ್ನ ಮನಸ್ಸಿನದನ್ನು ತಿಳಿಸಲು ಬಳಸುವ ಯಾವುದೇ ಸಾಧನ.

ಮೊದಲ ಮೆಟ್ಟಿಲು ಸನ್ನೆ. ಕೈ ತೋರಿಸುವುದು, ತಲೆ ಆಡಿಸುವುದು. ಎರಡನೆಯದು ವಸ್ತು. ಚಪ್ಪಲಿ ಹಿಡಿದು ತಂದರೆ 'ಹೊರಗೆ ಹೋಗೋಣ', ಲೋಟ ತಂದರೆ 'ನೀರು'. ಮೂರನೆಯದು ಚಿತ್ರ. ಒಂದೊಂದು ಚೀಟಿಯಾಗಿ ಇರಬಹುದು, ಒಂದು ರಟ್ಟಿನ ಮೇಲೆ ಹಲವು ಚಿತ್ರ ಅಂಟಿಸಿದ ಹಲಗೆಯಾಗಿರಬಹುದು, ಪುಸ್ತಕವೂ ಆಗಿರಬಹುದು. ನಾಲ್ಕನೆಯದು ಗುಂಡಿ ಒತ್ತಿದರೆ ಮೊದಲೇ ತುಂಬಿಸಿಟ್ಟ ಮಾತನ್ನು ಹೇಳುವ ಪುಟ್ಟ ಯಂತ್ರ. ಐದನೆಯದು ಮೊಬೈಲ್ ಅಥವಾ ಟ್ಯಾಬ್‌ನ ಆ್ಯಪ್. ಚೆನ್ನೈನಲ್ಲಿ ತಯಾರಾದ ಒಂದು ಆ್ಯಪ್‌ನ ಹೆಸರೇ 'ಆವಾಜ್'. ಉರ್ದು ಬಲ್ಲವರಿಗೆ ಅರ್ಥ ಹೇಳಬೇಕಿಲ್ಲ. ಮುಂಬೈ ಐ.ಐ.ಟಿ.ಯವರು ರೂಪಿಸಿದ 'ಜೆಲ್ಲೊ' ಉಚಿತವಾಗಿ ಸಿಗುತ್ತದೆ. ಆ್ಯಪ್ ಹಾಕಿಕೊಳ್ಳುವ ಮೊದಲು ನಿಮ್ಮ ಮನೆಯ ಭಾಷೆ ಅದರಲ್ಲಿ ಇದೆಯೇ ನೋಡಿಕೊಳ್ಳಿ.

ಆದರೆ ಮೊಬೈಲಿನಿಂದ ಶುರುಮಾಡುವ ಅಗತ್ಯವಿಲ್ಲ. ಆಟದ ಮೊಬೈಲು, ಮಾತಿನ ಮೊಬೈಲು ಎರಡೂ ಒಂದೇ ಆದರೆ ಮಗು ಆಟಕ್ಕೇ ಹೋಗುತ್ತದೆ. ರಟ್ಟಿನ ಹಲಗೆಗೆ ಚಾರ್ಜು ಬೇಡ, ಕೆಳಗೆ ಬಿದ್ದರೆ ಒಡೆಯುವುದಿಲ್ಲ, ತೋಟಕ್ಕೂ ಸಂತೆಗೂ ಜೊತೆಗೆ ಬರುತ್ತದೆ.

'ಚಿತ್ರ ಕೊಟ್ಟರೆ ಮಾತೇ ಕಲಿಯುವುದಿಲ್ಲವಲ್ಲ?'

ಎಲ್ಲ ಪೋಷಕರೂ ಕೇಳುವ ಪ್ರಶ್ನೆ ಇದು, ಕೇಳಬೇಕಾದ ಪ್ರಶ್ನೆಯೂ ಹೌದು. ಊರುಗೋಲು ಕೊಟ್ಟರೆ ಮಗು ನಡೆಯುವುದನ್ನೇ ಬಿಡುತ್ತದೆ ಎಂಬಂಥ ಭಯ. ಇದನ್ನು ಸಂಶೋಧಕರು ನೇರವಾಗಿಯೇ ಪರೀಕ್ಷಿಸಿದ್ದಾರೆ.

2006ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಎಂಬ ಸಂಶೋಧಕರು ಹಿಂದಿನ 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಅತ್ಯಂತ ಗಟ್ಟಿ ಪುರಾವೆಯಿದ್ದ 27 ಜನರ ವಿವರಗಳನ್ನು ಬೇರೆಯಾಗಿ ಪರಿಶೀಲಿಸಿದರು. ಸಾಧನ ಬಳಸಿದ್ದರಿಂದ ಮಾತು ಕಡಿಮೆಯಾದವರು ಒಬ್ಬರೂ ಇರಲಿಲ್ಲ. ಶೇಕಡಾ 89ರಷ್ಟು ಜನರಲ್ಲಿ ಮಾತು ಹೆಚ್ಚಿತ್ತು, ಉಳಿದವರಲ್ಲಿ ಇದ್ದಂತೆಯೇ ಇತ್ತು. ಹೆಚ್ಚಳ ಹಲವರಲ್ಲಿ ದೊಡ್ಡದೇನಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

2010ರಲ್ಲಿ ಅಮೆರಿಕದ ರಾಮ್‌ಸ್ಕಿ, ಸೆವ್‌ಸಿಕ್ ಮತ್ತು ಸಂಗಡಿಗರು ಹತ್ತು ಪದವನ್ನೂ ಆಡದ 62 ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಬಾಯಿಮಾತಿನ ತರಬೇತಿ. ಇನ್ನೆರಡಕ್ಕೆ ಮಾತಿನ ಜೊತೆ ಧ್ವನಿ ಹೊರಡಿಸುವ ಸಾಧನ. ಪೋಷಕರಿಗೂ ಕಲಿಸಲಾಯಿತು. ಸಾಧನ ಬಳಸಿದ ಗುಂಪಿನ ಮಕ್ಕಳ ಪದಸಂಪತ್ತು ಬರೀ ಮಾತಿನ ಗುಂಪಿಗಿಂತ ಹೆಚ್ಚು ಬೆಳೆಯಿತು. ಸಾಧನದಿಂದ ಬಾಯಿಮಾತಿಗೆ ತಡೆಯಾಗಲಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ಮನೆಯ ಅನುಭವದಿಂದಲೇ ಅರ್ಥಮಾಡಿಕೊಳ್ಳಬಹುದು. ಮಾತಿಗಾಗಿ ಒತ್ತಾಯಿಸಿದಷ್ಟೂ ಮಗು ಬಾಯಿ ಬಿಗಿಹಿಡಿಯುತ್ತದೆ. ಚಿತ್ರ ಮುಟ್ಟಿ ಹೇಳಿದ್ದು ಈಡೇರಿದಾಗ ಒತ್ತಡ ಇಳಿಯುತ್ತದೆ. ಮುಟ್ಟಿದಾಗಲೆಲ್ಲ ದೊಡ್ಡವರು ಅದೇ ಪದವನ್ನು ಸ್ಪಷ್ಟವಾಗಿ ಹೇಳುವುದರಿಂದ ಒಂದೇ ಪದ ಕಣ್ಣಿಗೂ ಕಿವಿಗೂ ಸಾವಿರ ಸಲ ಬೀಳುತ್ತದೆ. ಬಾಯಿಂದ ಬರುವುದು ಸುಲಭವಾದ ದಿನ ಮಗು ತಾನಾಗಿ ಬಾಯಿಯನ್ನೇ ಆರಿಸಿಕೊಳ್ಳುತ್ತದೆ. ಹಲಗೆ ಹುಡುಕುವುದಕ್ಕಿಂತ 'ಪಾನಿ' ಎನ್ನುವುದು ಬೇಗ. ಇನ್ನೂ ಕೆಲವು ಮಕ್ಕಳಿಗೆ ಬಾಯಿಮಾತು ಪೂರ್ತಿ ಬರಲಾರದು. ಅವರಿಗೆ ಹಲಗೆಯೇ ಜೀವನಪೂರ್ತಿ ಮಾತು. ಯಾವ ಮಗು ಯಾವ ದಾರಿಗೆ ಹೋಗುತ್ತದೆ ಎಂದು ಮೂರನೇ ವರ್ಷದಲ್ಲಿ ಹೇಳಲಾಗದು. ಆದ್ದರಿಂದಲೇ ಇಬ್ಬರಿಗೂ ಈಗಲೇ ಕೊಡಬೇಕು.

ಹಲಗೆ ಮಾಡುವುದು ಹೇಗೆ?

ಒಂದು ರಟ್ಟು, ಅಂಟು, ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿದ ಚಿತ್ರಗಳು, ಮೇಲೆ ಲ್ಯಾಮಿನೇಷನ್. ಜೆರಾಕ್ಸ್ ಅಂಗಡಿಯಲ್ಲಿ ಎಲ್ಲ ಮುಗಿಯುತ್ತದೆ. ಮೊದಲು ಹನ್ನೆರಡು ಚಿತ್ರ ಸಾಕು:

ಅಮ್ಮಿ, ಅಬ್ಬಾ, ನೀರು, ಊಟ, ಆಟ, ಹೊರಗೆ, ಬಚ್ಚಲು, ನೋವು, ಇನ್ನೂ, ಸಾಕು, ಬೇಕು, ಬೇಡ.

ಇದರಲ್ಲಿ ಕೊನೆಯ ನಾಲ್ಕನ್ನು ಗಮನಿಸಿ. ಹಲವರು ಬರೀ ವಸ್ತುಗಳ ಚಿತ್ರ ಅಂಟಿಸುತ್ತಾರೆ: ಬಾಳೆಹಣ್ಣು, ಬಿಸ್ಕತ್ತು, ಹಾಲು. ಅಂಥ ಹಲಗೆಯಿಂದ ಮಗು ಬೇಡಬಹುದೇ ಹೊರತು ಮಾತಾಡಲಾಗದು. 'ಇನ್ನೂ', 'ಸಾಕು', 'ಬೇಡ' ಎಂಬ ಪದಗಳು ಊಟಕ್ಕೂ ಆಟಕ್ಕೂ ಸ್ನಾನಕ್ಕೂ ಒದಗುತ್ತವೆ. 'ಬೇಡ' ಎನ್ನಲು ದಾರಿಯಿಲ್ಲದ ಮಗುವೇ ತಟ್ಟೆ ಎಸೆಯುವುದು, ಕಚ್ಚುವುದು, ನೆಲಕ್ಕೆ ಬಿದ್ದು ಅಳುವುದು. ಹಟಮಾರಿ ಎಂದು ನಾವು ಹೆಸರಿಟ್ಟ ಎಷ್ಟೋ ಮಕ್ಕಳಿಗೆ ಈ ಒಂದು ಪದವೇ ಇಲ್ಲ. ಸ್ವಲ್ಪ ದಿನದ ಮೇಲೆ 'ನೋಡು', 'ಏನು', 'ಎಲ್ಲಿ', 'ಬಾ', 'ಹೋಗು', 'ಖುಷಿ', 'ಭಯ' ಸೇರಿಸಿ.

ಸಿದ್ಧವಾಗಿ ಸಿಗುವ ಇಂಗ್ಲಿಷ್ ಹಲಗೆಗಳನ್ನು ಹಾಗೇ ಇಳಿಸಿಕೊಳ್ಳಬೇಡಿ. ಅವುಗಳಲ್ಲಿ ಬೇಕು ಎಂಬ ಪದ ಮೊದಲು, ವಸ್ತು ಆಮೇಲೆ ಬರುತ್ತದೆ. ಕನ್ನಡದಲ್ಲಿ ನಾವು 'ನೀರು ಬೇಕು' ಎನ್ನುತ್ತೇವೆ. ಮನೆಯ ಉರ್ದುವಿನಲ್ಲೂ 'ಪಾನಿ ಹೋನಾ' ಎಂದೇ. ಎರಡರಲ್ಲೂ ಕ್ರಿಯೆ ಕೊನೆಗೆ. ಆದ್ದರಿಂದ ಜನ ಎಡಕ್ಕೆ, ವಸ್ತು ನಡುವೆ, ಬೇಕು-ಬೇಡ-ಕೊಡು-ಬಾ ಬಲಕ್ಕೆ ಇಡಿ. ಎಡದಿಂದ ಬಲಕ್ಕೆ ಬೆರಳಾಡಿಸಿದರೆ ನಮ್ಮ ವಾಕ್ಯವೇ ಆಗಬೇಕು. ಇನ್ನೊಂದು ಮಾತು: 'ಮನೆ', 'ಮನೆಗೆ', 'ಮನೆಯಲ್ಲಿ' ಎಂಬ ವ್ಯತ್ಯಾಸವನ್ನು ಚಿತ್ರ ತೋರಿಸಲಾರದು. ಮಗು ಮನೆಯ ಚಿತ್ರ, ಹೋಗು ಚಿತ್ರ ಮುಟ್ಟಿದಾಗ ನೀವು ಬಾಯಲ್ಲಿ 'ಮನೆಗೆ ಹೋಗೋಣ' ಎಂದು ಪೂರ್ತಿ ಮಾಡಿ ಹೇಳಿ. ಪ್ರತ್ಯಯಗಳು ಕಿವಿಯಿಂದಲೇ ಬರಬೇಕು. ತಟ್ಟೆಯ ಚಿತ್ರದಲ್ಲೂ ನಿಮ್ಮ ಮನೆಯ ಮುದ್ದೆ, ರೊಟ್ಟಿ, ಅನ್ನ ಇರಲಿ.

ಮನೆಯಲ್ಲಿ ಮನುಷ್ಯರ ಚಿತ್ರ ಇಡಲು ಹಿಂಜರಿಯುವ ಕುಟುಂಬಗಳಿವೆ. ಅವರು ಅಮ್ಮಿಯ ಬದಲು ಅಮ್ಮಿಯ ದುಪ್ಪಟ್ಟಾದ ತುಂಡು, ಅಬ್ಬಾನ ಬದಲು ಅವರ ಬೈಕಿನ ಚಿತ್ರ ಅಂಟಿಸಬಹುದು. ಮಗು ಬೇಗ ಕಲಿಯುತ್ತದೆ. ಮಕ್ಕಳ ಕಲಿಕೆ, ಆಟದ ವಿಷಯದಲ್ಲಿ ರಿಯಾಯಿತಿ ಹೇಳುವ ವಿದ್ವಾಂಸರೂ ಇದ್ದಾರೆ. ಸಂದೇಹವಿದ್ದರೆ ನಿಮ್ಮ ಮಸೀದಿಯ ಮೌಲಾನಾ ಸಾಹೇಬರನ್ನು ಕೇಳಿ. ಆ ಒಂದು ಕಾರಣಕ್ಕೆ ಹಲಗೆ ಮಾತ್ರ ನಿಲ್ಲದಿರಲಿ.

ಬಳಸುವುದು ಹೇಗೆ?

ಹೆಚ್ಚಿನ ಹಲಗೆಗಳು ಗೋಡೆಗೆ ತೂಗಿ ಧೂಳು ಹಿಡಿಯಲು ಒಂದೇ ಕಾರಣ: ಹಲಗೆ ಕೊಟ್ಟು 'ತೋರಿಸು, ತೋರಿಸು' ಎಂದು ಮಗುವನ್ನು ಪರೀಕ್ಷೆ ಮಾಡುವುದು. ಮಾತು ಬರುವ ಮಗು ಮೊದಲ ಪದ ಆಡುವ ಮುನ್ನ ಒಂದು ವರ್ಷ ನಮ್ಮ ಮಾತು ಕೇಳಿರುತ್ತದೆ. ಚಿತ್ರದ ಭಾಷೆಯನ್ನೂ ಮಗು ಮೊದಲು ನೋಡಬೇಕು. ಆದ್ದರಿಂದ ಆರಂಭದ ವಾರಗಳಲ್ಲಿ ಚಿತ್ರ ಮುಟ್ಟಬೇಕಾದವರು ದೊಡ್ಡವರು.

ಸಂಜೆ ಅಮ್ಮಿ ರೊಟ್ಟಿ ಸುಡುತ್ತಿದ್ದಾರೆ, ಮಗು ಪಕ್ಕದಲ್ಲಿದೆ ಎಂದುಕೊಳ್ಳಿ. ಅಮ್ಮಿ ಊಟದ ಚಿತ್ರ ಮುಟ್ಟಿ 'ಊಟ' ಎನ್ನುತ್ತಾರೆ, ಬೇಕು ಮುಟ್ಟಿ 'ಊಟ ಬೇಕು' ಎನ್ನುತ್ತಾರೆ. ಒಂದು ಚೂರು ರೊಟ್ಟಿ ಕೊಡುತ್ತಾರೆ. ಮಗು ಮತ್ತೆ ಕೈ ಚಾಚಿದಾಗ ಕೂಡಲೇ ಕೊಡದೆ, ಹಲಗೆ ಮುಂದಿಟ್ಟು, ಮನಸ್ಸಿನಲ್ಲೇ ಹತ್ತು ಎಣಿಸುತ್ತಾರೆ. ಮಗು ಹಲಗೆಯ ಕಡೆ ನೋಡಿದರೂ ಸಾಕು, ಕೈ ತಾಗಿದರೂ ಸಾಕು. 'ಇನ್ನೂ ಬೇಕಾ, ತಗೋ' ಎಂದು ಕೊಡುತ್ತಾರೆ. ಏನೂ ಮಾಡದಿದ್ದರೆ ತಾವೇ ಇನ್ನೂ ಮುಟ್ಟಿ ತೋರಿಸಿ ಕೊಡುತ್ತಾರೆ. ಹಸಿದ ಮಗುವಿನಿಂದ ಊಟ ತಡೆಹಿಡಿದು ಕಲಿಸುವ ಮಾತೇ ಇಲ್ಲ. ಹೊಟ್ಟೆ ತುಂಬಿದಾಗ 'ಸಾಕು' ಮುಟ್ಟುತ್ತಾರೆ. ಇಡೀ ಪಾಠ ಐದು ನಿಮಿಷ. ಸ್ನಾನ, ಉಡುಪು, ಕೋಳಿಗೆ ಕಾಳು ಹಾಕುವುದು, ಅಬ್ಬಾ ನಮಾಜಿಗೆ ವುಜೂ ಮಾಡುವುದು, ರಂಜಾನಿನಲ್ಲಿ ಇಫ್ತಾರಿಗೆ ಖರ್ಜೂರ ಹಂಚುವುದು, ಎಲ್ಲವೂ ಇಂಥ ಪಾಠಗಳೇ.

ನಾಲ್ಕು ನಿಯಮ ನೆನಪಿಡಿ. ಹಲಗೆ ಮಗುವಿನ ಕೈಗೆಟಕುವ ಜಾಗದಲ್ಲೇ ಇರಬೇಕು, ಶಿಕ್ಷೆಯಾಗಿ ಕಿತ್ತುಕೊಳ್ಳಬಾರದು. ಮಗು ಒಂದು ಪದ ಹೇಳಿದರೆ ನೀವು ಒಂದು ಪದ ಸೇರಿಸಿ ಹೇಳಿ. ತಪ್ಪು ಮುಟ್ಟಿದರೂ ಮಗು ಏನೋ ಹೇಳಿತು ಎಂದೇ ಉತ್ತರ ಕೊಡಿ. 'ಬೇಡ' ಎಂದಾಗ ಆ ಮಾತಿಗೆ ಬೆಲೆ ಇರಲಿ, ಔಷಧದಂಥ ಅನಿವಾರ್ಯ ವಿಷಯದಲ್ಲಿ 'ಬೇಡ ಅಂದೆ, ಗೊತ್ತಾಯಿತು, ಆದರೂ ಕುಡಿಯಬೇಕು' ಎಂದಾದರೂ ಹೇಳಿ. ದಾದಿ, ನಾನಿ, ಅಣ್ಣ, ಅಕ್ಕ ಎಲ್ಲರೂ ಹಲಗೆ ಬಳಸಬೇಕು. ಒಬ್ಬರ ಜೊತೆ ಮಾತ್ರ ಮಾತಾಡುವ ಮಗುವಿಗೆ ಲೋಕ ಚಿಕ್ಕದು.

ಮನೆಯ ಮಾತು ಬಿಡಬೇಡಿ

ನಮ್ಮ ಅನೇಕ ಮನೆಗಳಲ್ಲಿ ದಖ್ಖನಿ ಉರ್ದು, ಬೀದಿಯಲ್ಲೂ ಅಂಗನವಾಡಿಯಲ್ಲೂ ಕನ್ನಡ. ಮಾತು ತಡವಾದಾಗ 'ಎರಡು ಭಾಷೆಯಿಂದ ಗೊಂದಲವಾಗಿದೆ, ಒಂದನ್ನು ಬಿಡಿ' ಎಂಬ ಸಲಹೆ ಸಿಗುವುದುಂಟು. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೇಲೆ ಕೆನಡಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡು ಭಾಷೆಯ ಮನೆಯಲ್ಲಿ ಬೆಳೆದ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ತಾಯಿ ತನಗೆ ಒಗ್ಗದ ಭಾಷೆಯಲ್ಲಿ ಮಾತಾಡಹೊರಟರೆ ಮಾತೇ ಕಡಿಮೆಯಾಗುತ್ತದೆ. ಮಗುವಿಗೆ ನಷ್ಟ ಅದರಿಂದ.

ಇಲ್ಲಿ ಚಿತ್ರದ ಹಲಗೆಗೆ ಒಂದು ದೊಡ್ಡ ಅನುಕೂಲವಿದೆ. ಲೋಟದ ಚಿತ್ರ ಮನೆಯಲ್ಲಿ 'ಪಾನಿ', ಅಂಗನವಾಡಿಯಲ್ಲಿ 'ನೀರು'. ಅಡ್ಡ ಕೈಯ ಚಿತ್ರ ಮನೆಯಲ್ಲಿ 'ನಕ್ಕೋ', ಅಲ್ಲಿ 'ಬೇಡ'. ಒಂದೇ ಹಲಗೆ ಎರಡೂ ಕಡೆ ನಡೆಯುತ್ತದೆ. ಚಿತ್ರದ ಕೆಳಗೆ ಕನ್ನಡದಲ್ಲಿ ಎರಡೂ ಪದ ಬರೆದರೆ ಉರ್ದು ತಿಳಿಯದ ಅಂಗನವಾಡಿ ಕಾರ್ಯಕರ್ತೆಗೂ ಮಗು ಮನೆಯಲ್ಲಿ ಏನು ಕೇಳಿ ಬೆಳೆದಿದೆ ಎಂಬುದು ಗೊತ್ತಾಗುತ್ತದೆ. ಅಕ್ಷರ ಕಂಡು ಕಂಡು ಮಗುವಿಗೂ ಓದಿನ ಪರಿಚಯವಾಗುತ್ತದೆ.

ಸನ್ನೆಗೆ ನಮ್ಮ ಧರ್ಮದಲ್ಲಿರುವ ಸ್ಥಾನ

ಬಾಯಿಂದ ಹೊರಡದ ಮಾತು ಮಾತೇ ಅಲ್ಲ ಎಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ, ದೀನ್‌ನಿಂದಂತೂ ಬಂದದ್ದಲ್ಲ. ಪವಿತ್ರ ಕುರ್‌ಆನಿನಲ್ಲಿ ಪ್ರವಾದಿ ಮೂಸಾ(ಅ) ತಮ್ಮ ನಾಲಿಗೆಯ ಗಂಟು ಬಿಡಿಸುವಂತೆ ಅಲ್ಲಾಹನಲ್ಲಿ ಬೇಡಿಕೊಂಡ ಪ್ರಸಂಗವಿದೆ. ಜೊತೆಗೆ ಸಹೋದರ ಹಾರೂನ್(ಅ)ರನ್ನು ನೆರವಿಗೆ ಕೇಳಿದರು. ನೆರವಿನೊಡನೆ ಮಾತಾಡುವುದು ಪ್ರವಾದಿಗಳಿಗೂ ಕಡಿಮೆ ಎನಿಸಲಿಲ್ಲ. ಮೂರು ದಿನ ಮಾತಾಡಲಾಗದೆ ಪ್ರವಾದಿ ಝಕರಿಯ್ಯಾ(ಅ) ಜನರಿಗೆ ಸನ್ನೆಯಿಂದ ತಿಳಿಸಿದರು. ಹಜ್ರತ್ ಮರ್ಯಮ್(ಅ) ಜನರ ಪ್ರಶ್ನೆಗೆ ತೊಟ್ಟಿಲಿನ ಕೂಸಿನತ್ತ ಕೈ ತೋರಿಸಿದರು.

ಫಿಕ್‌ಹ್‌ನಲ್ಲಿಯೂ ಮೂಕರ ಅರ್ಥವಾಗುವ ಸನ್ನೆಗೆ ಬಾಯಿಮಾತಿನಷ್ಟೇ ಬೆಲೆ. ಹನಫಿ ಫಿಕ್‌ಹ್ ಆಧರಿಸಿ ತುರ್ಕಿಯ ಉಸ್ಮಾನಿ ಆಡಳಿತ 1869ರಿಂದ 1876ರ ನಡುವೆ ಸಿದ್ಧಪಡಿಸಿದ 'ಮಜಲ್ಲಾ' ಎಂಬ ಕಾನೂನು ಸಂಗ್ರಹದ 70ನೇ ಕಲಂ ಇದನ್ನೇ ಹೇಳುತ್ತದೆ. ದೊಡ್ಡವರ ಕ್ರಯವಿಕ್ರಯಕ್ಕೆ ಒಪ್ಪುವ ಸನ್ನೆ ನಾಲ್ಕು ವರ್ಷದ ಮಗುವಿನ 'ನೀರು ಬೇಕು'ಗೆ ಒಪ್ಪಲಾಗದೇ?

ದೇಶದ ಕಾನೂನೂ ಇದೇ ಮಾತು ಹೇಳುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸುತ್ತದೆ. ಮಾತಿನ ತೊಂದರೆಯಿರುವವರ ದಿನನಿತ್ಯದ ಅಗತ್ಯಕ್ಕೆ ಬಾಯಿಮಾತಿನ ಜೊತೆ ಪರ್ಯಾಯ ಸಂವಹನ ವಿಧಾನಗಳನ್ನು ಸರ್ಕಾರ ಪ್ರೋತ್ಸಾಹಿಸಬೇಕು ಎಂದು ಅದರ 17ನೇ ಕಲಂ ಹೇಳುತ್ತದೆ. ಆದ್ದರಿಂದ ಮಗು ಹಲಗೆ ಹಿಡಿದು ಅಂಗನವಾಡಿಗೆ, ಶಾಲೆಗೆ ಬಂದರೆ ಅದು ಯಾರೋ ಮಾಡುವ ಉಪಕಾರವಲ್ಲ, ಮಗುವಿನ ಹಕ್ಕು.

ದಾನಿಗಳ ಗಮನಕ್ಕೆ

ಇಂಥ ಮಗುವಿಗೆ ನೆರವಾಗಬೇಕೆಂದರೆ ದಾನಿಗಳಿಗೆ ಮೊದಲು ಹೊಳೆಯುವುದು ಟ್ಯಾಬ್. ಅದು ಕಣ್ಣಿಗೆ ಕಾಣುವ ದಾನ. ಆದರೆ ಹಳ್ಳಿಯ ಕುಟುಂಬದ ದಾರಿ ಕಟ್ಟುವುದು ಬೇರೆ ಖರ್ಚುಗಳು: ದಾವಣಗೆರೆಗೆ ವಾರ ವಾರದ ಬಸ್ ಚಾರ್ಜು, ಮೈಸೂರಿನಲ್ಲಿ ತಂಗುವ ಖರ್ಚು, ಆ ದಿನ ತಾಯಿ ಅಥವಾ ತಂದೆ ಬಿಡುವ ಕೂಲಿ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ನಮ್ಮ ವಿನಂತಿ ಈ ಕ್ರಮದಲ್ಲಿದೆ: ಮೊದಲು ಪರೀಕ್ಷೆ ಮತ್ತು ಪ್ರಯಾಣ, ಆಮೇಲೆ ತಾಯಂದಿರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ಹಲಗೆಯ ತರಬೇತಿ, ತಜ್ಞರು ಬರೆದುಕೊಟ್ಟರೆ ಮಾತ್ರ ಟ್ಯಾಬ್ ಅಥವಾ ಧ್ವನಿ ಯಂತ್ರ.

ಜಕಾತ್ ಹಣದ ಬಗ್ಗೆಯೂ ಒಂದು ಮಾತು. ಹನಫಿ ಮಸ್ಲಕ್‌ನಲ್ಲಿ ಜಕಾತ್ ಪಡೆಯಲು ಅರ್ಹರಾದವರ ಕೈಗೆ ಅದು ಅವರ ಸ್ವಂತದ್ದಾಗಿ ಸೇರಬೇಕು. ಹಾಗಾಗಿ ಜಕಾತ್‌ನಿಂದ ಕೊಂಡ ಸಾಧನ ಆ ಬಡ ಕುಟುಂಬದ ಸ್ವತ್ತಾಗಬೇಕು, ಟ್ರಸ್ಟ್ ಅದನ್ನು ವಾಪಸು ಕೇಳುವಂತಿಲ್ಲ. ಮಗು ಚಿಕ್ಕದಾದ್ದರಿಂದ ತಂದೆಯ ಆರ್ಥಿಕ ಸ್ಥಿತಿಯೇ ಲೆಕ್ಕಕ್ಕೆ ಬರುತ್ತದೆ. ಹಲವು ಮಕ್ಕಳು ಸರದಿಯಲ್ಲಿ ಬಳಸುವ ಸಾಮಗ್ರಿ, ತರಬೇತಿ ಶಿಬಿರ, ಮುದ್ರಣ ಇವುಗಳಿಗೆ ಸದಕಾ ಅಥವಾ ಲಿಲ್ಲಾಹ್ ಹಣ ಸೂಕ್ತ. ದಯವಿಟ್ಟು ಕೊಡುವಾಗಲೇ ಯಾವ ಬಾಬ್ತು ಎಂದು ರಸೀದಿಯಲ್ಲಿ ಬರೆಸಿ.

ಕುಟುಂಬಗಳ ಗಮನಕ್ಕೆ

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕುಟುಂಬದಲ್ಲಿ ಆರು ವರ್ಷದೊಳಗಿನ, ಮಾತು ತಡವಾದ ತಮ್ಮನೋ ತಂಗಿಯೋ ಇದ್ದರೆ ಅರ್ಜಿಯ ಜೊತೆ ಒಂದು ಹಾಳೆಯಲ್ಲಿ ಮಗುವಿನ ವಯಸ್ಸು, ಶ್ರವಣ ಪರೀಕ್ಷೆ ಆಗಿದೆಯೇ ಇಲ್ಲವೇ, ಅಂಗನವಾಡಿಗೆ ಹೋಗುತ್ತಿದೆಯೇ ಎಂಬುದನ್ನು ಬರೆದುಕೊಡಿ. ಅಂಕಪಟ್ಟಿ ಬೇಡ. ಇದರಿಂದ ದೊಡ್ಡ ಮಗುವಿನ ಅರ್ಜಿಗೆ ಯಾವ ತೊಂದರೆಯೂ ಆಗುವುದಿಲ್ಲ. ವಿಷಯವನ್ನು ಗುಟ್ಟಾಗಿಡಲಾಗುವುದು.

ಯು.ಡಿ.ಐ.ಡಿ. ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿ.ಆರ್.ಡಬ್ಲ್ಯು.) ನೆರವಾಗುತ್ತಾರೆ. ಮಾತು ತಡವಾದ ಮಾತ್ರಕ್ಕೆ ಕಾರ್ಡು ಸಿಗುವುದಿಲ್ಲ, ವೈದ್ಯರು ಕಾರಣ ಮತ್ತು ಪ್ರಮಾಣ ನೋಡಿ ನಿರ್ಧರಿಸುತ್ತಾರೆ. ಹಲವು ಸೌಲಭ್ಯಗಳಿಗೆ ಶೇಕಡಾ 40 ಎಂಬ ಮಿತಿಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹು ಅಂಗವಿಕಲತೆ ಎಂದು ದೃಢಪಟ್ಟರೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಥೆರಪಿ ವೆಚ್ಚವೂ ಮಿತಿಯೊಳಗೆ ಸೇರಿದೆ. ಮಗು ಶಾಲೆಗೆ ಸೇರಿದ ಮೇಲೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕೇಳಿ.

ಕಾರ್ಡು, ವಿಮೆ, ಪರೀಕ್ಷೆಯ ದಿನಾಂಕ ಎಲ್ಲಕ್ಕೂ ತಿಂಗಳುಗಳು ಹಿಡಿಯಬಹುದು. ಹನ್ನೆರಡು ಚಿತ್ರದ ಹಲಗೆ ಮಾತ್ರ ಈ ವಾರವೇ ಆಗುತ್ತದೆ. ಅದಕ್ಕೆ ಯಾರ ಸಹಿಯೂ ಬೇಡ. ಮಗು ಮೊದಲ ಸಲ 'ಬೇಡ' ಎಂದು ಮುಟ್ಟಿ ತೋರಿಸಿದ ದಿನ ಸಿಟ್ಟಾಗಬೇಡಿ. ಅಲ್‌ಹಮ್‌ದುಲಿಲ್ಲಾಹ್ ಎನ್ನಿ. ಮಗು ನಿಮ್ಮೊಡನೆ ಮಾತಾಡಿದೆ.

ಅಲ್ಲಾಹನು ನಮ್ಮ ಮಕ್ಕಳ ನಾಲಿಗೆಯ ಗಂಟನ್ನು ಸಡಿಲಿಸಲಿ, ಅವರು ಯಾವ ದಾರಿಯಿಂದ ಹೇಳಿದರೂ ಕೇಳಿಸಿಕೊಳ್ಳುವ ತಾಳ್ಮೆಯನ್ನು ನಮಗೆ ಕೊಡಲಿ. ಆಮೀನ್.